ಯಾವ ಚಟವೂ ಇಲ್ಲದ ನನಗೆ ಹೆಪಟೈಟಿಸ್ ಸಿ ಎಲ್ಲಿಂದ ಬಂತು?

ಪ್ರಶ್ನೆ: ನನಗೆ 36 ವರ್ಷ. ತಾಲ್ಲೂಕು ಕೇಂದ್ರದಲ್ಲಿ ಬೀಜ, ಗೊಬ್ಬರದ ಅಂಗಡಿ ಇದೆ. ನವೆಂಬರ್ ಮೊದಲ ವಾರ ಕಣ್ಣು ಹಳದಿಯಾಯಿತು, ಊಟ ಸೇರದಾಯಿತು. ರಕ್ತ ಪರೀಕ್ಷೆಯಲ್ಲಿ ಲಿವರಿನ ಹಾನಿ ತೋರಿಸುವ ಎಸ್‌ಜಿಪಿಟಿ ತುಂಬಾ ಏರಿತ್ತು. ಹೆಪಟೈಟಿಸ್ ಬಿ, ಸಿ ಎರಡೂ ನೆಗೆಟಿವ್ ಇದ್ದವು. ನಾಟಿ ಔಷಧಿ ತಗೊಂಡೆ, ಎರಡು ಮೂರು ವಾರದಲ್ಲಿ ಕಣ್ಣು ತಿಳಿಯಾಯಿತು. ಸುಸ್ತು ಮಾತ್ರ ಹೋಗಲಿಲ್ಲ. ಡಿಸೆಂಬರ್‌ನಲ್ಲಿ ಜಿಲ್ಲಾ ಕೇಂದ್ರದ ಡಾಕ್ಟರು ಮತ್ತೆ ಪರೀಕ್ಷೆ ಮಾಡಿಸಿದರು. ಹೆಪಟೈಟಿಸ್ ಸಿ ಇತ್ತೀಚೆಗೆ ತಗುಲಿದೆ, ವೈರಸ್ ರಕ್ತದಲ್ಲಿದೆ ಎಂದರು. ಹೆಂಡತಿಯ ಎದುರೇ ‘ನಶೆ ಇಂಜೆಕ್ಷನ್ ತಗೋತೀರಾ, ಹೊರಗೆ ಸಂಬಂಧ ಇದೆಯಾ, ಜೈಲಿನಲ್ಲಿ ಇದ್ರಾ’ ಎಂದು ಕೇಳಿದರು. ನಾನು ಬೀಡಿ ಕೂಡ ಸೇದಿದವನಲ್ಲ. ಅಂದಿನಿಂದ ಹೆಂಡತಿ ಸರಿಯಾಗಿ ಮಾತಾಡುತ್ತಿಲ್ಲ. 4 ವರ್ಷದ ಮಗಳನ್ನು ಎತ್ತಿಕೊಳ್ಳಲೂ ಭಯವಾಗುತ್ತಿದೆ. ನನಗೆ ನೆನಪಿರುವುದು ಇಷ್ಟು: ಹೋದ ವರ್ಷ ಗೋವಾದಲ್ಲಿ ಟ್ಯಾಟೂ ಹಾಕಿಸಿದೆ. ಜೂನ್ 14ಕ್ಕೆ ಶಿಬಿರದಲ್ಲಿ ರಕ್ತದಾನ ಮಾಡಿದೆ. ಜುಲೈನಲ್ಲಿ ಒಂದು ಹಲ್ಲು ಕೀಳಿಸಿದೆ. ಆಗಸ್ಟ್ ಕೊನೆಯಲ್ಲಿ ಊರಿಗೆಲ್ಲ ಜ್ವರ ಬಂದಾಗ ಪಕ್ಕದ ಹೋಬಳಿಯ ಒಬ್ಬ ಡಾಕ್ಟರ ಹತ್ತಿರ ಮೂರು ದಿನ ಡ್ರಿಪ್, ಇಂಜೆಕ್ಷನ್ ಹಾಕಿಸಿಕೊಂಡೆ. ವಾರಕ್ಕೊಮ್ಮೆ ಸೆಲೂನಿನಲ್ಲಿ ಶೇವಿಂಗ್. ನನಗೆ ಈ ಕಾಯಿಲೆ ಬಂದದ್ದು ಹೇಗೆ?

ಉತ್ತರ: ಇದನ್ನು ನಿಮ್ಮ ಹೆಂಡತಿಯ ಜೊತೆ ಕೂತು ಓದಿ. ಇಬ್ಬರಿಗೂ ಸಂಬಂಧಪಟ್ಟ ಎರಡು ಮಾತನ್ನು ಮೊದಲು ಹೇಳಿಬಿಡುತ್ತೇನೆ.

ಹೆಪಟೈಟಿಸ್ ಸಿ ಅಂದರೆ ಲಿವರಿಗೆ ತಗುಲುವ ಒಂದು ವೈರಸ್ ಕಾಯಿಲೆ. ಅದು ವಾಸಿಯಾಗುತ್ತದೆ. ಸುಮ್ನೆ ಸಮಾಧಾನಕ್ಕೆ ಹೇಳುತ್ತಿಲ್ಲ. ಮಾತ್ರೆ ನುಂಗಿದರೆ ಸಾಕು, ಸಾಮಾನ್ಯವಾಗಿ 12 ವಾರ, ನೂರರಲ್ಲಿ 95ಕ್ಕೂ ಹೆಚ್ಚು ಜನರಿಗೆ ವೈರಸ್ ಪೂರ್ತಿ ಹೋಗುತ್ತದೆ. ಇನ್ನೊಂದು, ಮಗಳನ್ನು ಎತ್ತಿಕೊಳ್ಳಿ. ಮುತ್ತು ಕೊಡಿ. ಒಂದೇ ತಟ್ಟೆಯಲ್ಲಿ ಉಣ್ಣಿ. ಕೆಮ್ಮು, ಎಂಜಲು, ಬೆವರು, ಸೊಳ್ಳೆ, ಒಂದೇ ಲೋಟದ ನೀರು, ಇವುಗಳಿಂದ ಹೆಪಟೈಟಿಸ್ ಸಿ ಹರಡುವುದಿಲ್ಲ. ಒಬ್ಬರ ರಕ್ತ ಇನ್ನೊಬ್ಬರ ರಕ್ತಕ್ಕೆ ಸೇರಿದರೆ ಹರಡುತ್ತದೆ. ನಿಮ್ಮ ರೇಜರ್, ಟೂತ್ ಬ್ರಷ್, ಉಗುರು ಕತ್ತರಿಸುವ ನೇಲ್ ಕಟರ್ ಮಾತ್ರ ಬೇರೆ ಇಟ್ಟುಕೊಳ್ಳಿ. ಗಾಯವಾದರೆ ಪಟ್ಟಿ ಕಟ್ಟಿ. ಮನೆಯಲ್ಲಿ ಇಷ್ಟು ಎಚ್ಚರಿಕೆ ಸಾಕು.

ಈಗ ಆ ಪ್ರಶ್ನೆಗಳ ವಿಷಯ. ಡಾಕ್ಟರು ಕೇಳಲೇಬೇಕಾದ ಪ್ರಶ್ನೆಗಳೇ ಅವು. ಹೆಂಡತಿಯ ಎದುರು ಕೇಳಿದ್ದು ಮಾತ್ರ ತಪ್ಪು. ಒಬ್ಬರೇ ಇರುವಾಗ, ಯಾಕೆ ಕೇಳುತ್ತಿದ್ದೇನೆ ಎಂದು ತಿಳಿಸಿ ಕೇಳಬೇಕಿತ್ತು. ಹಾಗೆ ಕೇಳಿದ್ದರೆ ನಿಮ್ಮ ಮನೆಯಲ್ಲಿ ಈ ಮೌನ ಇರುತ್ತಿರಲಿಲ್ಲ.

ಯಾರಿಗಾದರೂ ಹೊಸದಾಗಿ ಹೆಪಟೈಟಿಸ್ ಸಿ ಬಂದಿದೆ ಎಂದು ಗೊತ್ತಾದರೆ, ಹಲವು ದೇಶಗಳಲ್ಲಿ ಆರೋಗ್ಯ ಇಲಾಖೆಯವರು ಒಂದು ಪಟ್ಟಿ ಹಿಡಿದು ಕೇಳುತ್ತಾರೆ. ನಶೆ ಇಂಜೆಕ್ಷನ್, ಆಪರೇಷನ್, ಡ್ರಿಪ್, ಹಲ್ಲಿನ ಚಿಕಿತ್ಸೆ, ಡಯಾಲಿಸಿಸ್, ರಕ್ತ ಹಾಕಿಸಿಕೊಂಡದ್ದು, ಸೂಜಿ ಚುಚ್ಚಿದ್ದು, ಟ್ಯಾಟೂ, ಲೈಂಗಿಕ ಸಂಪರ್ಕ, ಜೈಲುವಾಸ, ಮನೆಯಲ್ಲಿ ಬೇರೆ ಯಾರಿಗಾದರೂ ಇದೆಯೇ ಎಂಬುದು, ಹೀಗೆ. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ವರ್ಷವರ್ಷವೂ ಈ ಲೆಕ್ಕ ಇಡುತ್ತದೆ. ಅಲ್ಲಿ ಕಾರಣ ಗೊತ್ತಾದ ಹೊಸ ರೋಗಿಗಳಲ್ಲಿ ಮೊದಲ ಸ್ಥಾನ ನಶೆ ಇಂಜೆಕ್ಷನ್‌ಗೆ. ಅಲ್ಲಿ ಬರೆದ ಪಠ್ಯಪುಸ್ತಕಗಳನ್ನೇ ನಮ್ಮ ಡಾಕ್ಟರುಗಳೂ ಓದಿರುತ್ತಾರೆ. ಹಾಗಾಗಿ ಆ ಪ್ರಶ್ನೆ ಮೊದಲು ಬಾಯಿಗೆ ಬರುತ್ತದೆ. ನಮ್ಮ ಕಡೆಯ ಒಬ್ಬ ಅಂಗಡಿಯವರನ್ನು ನಾನು ಕೇಳುವುದಾದರೆ ಮೊದಲ ಪ್ರಶ್ನೆ ಬೇರೆ: ‘ಕಳೆದ ಆರು ತಿಂಗಳಲ್ಲಿ ಎಲ್ಲೆಲ್ಲಿ ಸೂಜಿ ಹಾಕಿಸಿಕೊಂಡ್ರಿ?’

ಆರು ತಿಂಗಳು ಅಂದದ್ದಕ್ಕೆ ಕಾರಣ ಇದೆ. ವೈರಸ್ ಒಳಗೆ ಹೋದ ಮೇಲೆ ಕಾಮಾಲೆಯಂಥ ಲಕ್ಷಣ ಕಾಣಲು ಎರಡು ವಾರದಿಂದ ಆರು ತಿಂಗಳು ಬೇಕು. ಹೆಚ್ಚಿನವರಲ್ಲಿ ಎರಡರಿಂದ ಹನ್ನೆರಡು ವಾರ. ನಿಮ್ಮ ಕಣ್ಣು ಹಳದಿಯಾದದ್ದು ನವೆಂಬರ್ ಮೊದಲ ವಾರ. ಅಲ್ಲಿಂದ ಹಿಂದಕ್ಕೆ ಎಣಿಸಿದರೆ ಮೇ ಮೊದಲ ವಾರದಿಂದ ಅಕ್ಟೋಬರ್ ಮೂರನೇ ವಾರದ ತನಕ. ಕಾರಣ ಈ ಅವಧಿಯೊಳಗೇ ಇರಬೇಕು.

ಹಳೆಯ ಸೋಂಕು ಈಗ ಕಂಡಿದೆಯೋ ಏನೋ ಎಂಬ ಅನುಮಾನವೂ ಬೇಡ. ನವೆಂಬರ್‌ನಲ್ಲಿ ನಿಮಗೆ ಆಗಿದ್ದು ಆಂಟಿಬಾಡಿ ಪರೀಕ್ಷೆ. ಅದು ವೈರಸ್ಸನ್ನು ಹುಡುಕುವುದಿಲ್ಲ, ವೈರಸ್ಸಿಗೆ ದೇಹ ಕೊಟ್ಟ ಪ್ರತಿಕ್ರಿಯೆಯನ್ನು ಹುಡುಕುತ್ತದೆ. ಆ ಪ್ರತಿಕ್ರಿಯೆ ರಕ್ತದಲ್ಲಿ ಕಾಣಲು ಸುಮಾರು 8ರಿಂದ 11 ವಾರ ಹಿಡಿಯುತ್ತದೆ. ವೈರಸ್ ಮಾತ್ರ ಒಂದೆರಡು ವಾರದಲ್ಲೇ, ವೈರಸ್ಸನ್ನೇ ಹುಡುಕುವ ಆರ್‌ಎನ್‌ಎ ಪರೀಕ್ಷೆಗೆ ಸಿಗುತ್ತದೆ. ನವೆಂಬರ್‌ನಲ್ಲಿ ನೆಗೆಟಿವ್ ಇದ್ದ ಆಂಟಿಬಾಡಿ ಡಿಸೆಂಬರ್‌ನಲ್ಲಿ ಪಾಸಿಟಿವ್ ಆಗಿದ್ದರೆ ಸೋಂಕು ಹೊಸದು ಎಂದೇ ಅರ್ಥ. ಕಾಮಾಲೆ ಬಂದು, ಹೆಪಟೈಟಿಸ್ ಎ ಮತ್ತು ಇ ವೈರಸ್ ಇಲ್ಲ ಎಂದು ಗೊತ್ತಾದ ಮೇಲೂ ಕಾರಣ ಸಿಗದಿದ್ದರೆ, ಆಂಟಿಬಾಡಿ ನೆಗೆಟಿವ್ ಎಂದು ಸಿ ಅನ್ನು ಕೈಬಿಡಬಾರದು. ಆರ್‌ಎನ್‌ಎ ಪರೀಕ್ಷೆ ಮಾಡಿಸಲೇಬೇಕು. ನಮ್ಮಲ್ಲಿ ತುಂಬಾ ಕಡೆ ಇದನ್ನು ಬಿಟ್ಟುಬಿಡುತ್ತಾರೆ.

ನಿಮ್ಮ ರಕ್ತದಾನವೂ ಇಲ್ಲಿ ಮುಖ್ಯ. ರಕ್ತನಿಧಿಯಲ್ಲಿ ಪ್ರತಿ ಬಾಟ್ಲಿಗೂ ಹೆಪಟೈಟಿಸ್ ಸಿ ಪರೀಕ್ಷೆ ಕಡ್ಡಾಯ. ಅಲ್ಲಿಗೆ ಹೋಗಿ ಜೂನ್ 14ರ ಫಲಿತಾಂಶ ಕೇಳಿ. ಆಗ ನೆಗೆಟಿವ್ ಇದ್ದರೆ ಗೋವಾದ ಟ್ಯಾಟೂ ಮೇಲಿನ ಅನುಮಾನ ಹೋಯಿತು. ಹೇಗಿದ್ದರೂ ಅದು ಮೇ ತಿಂಗಳಿಗಿಂತ ಹಿಂದಿನದು. ಇನ್ನೊಂದು ಕೆಲಸವೂ ಇದೆ, ಇದನ್ನು ಮರೆಯಬೇಡಿ. ನಿಮಗೆ ಮೇ ಕೊನೆಯಲ್ಲಿ ಸೋಂಕು ತಗುಲಿದ್ದರೆ, ಜೂನ್‌ನಲ್ಲಿ ಆಂಟಿಬಾಡಿ ನೆಗೆಟಿವ್ ಇದ್ದು ರಕ್ತದಲ್ಲಿ ವೈರಸ್ ಇರುವ ಸಾಧ್ಯತೆ ಇರುತ್ತದೆ. ಆ ರಕ್ತ ಯಾರಿಗೋ ಹೋಗಿರುತ್ತದೆ. ಹಾಗಾಗಿ ರಕ್ತನಿಧಿಯವರಿಗೆ ವಿಷಯ ತಿಳಿಸಿ. ರಕ್ತ ಪಡೆದವರನ್ನು ಅವರು ಹುಡುಕಿ ಪರೀಕ್ಷೆ ಮಾಡಿಸಬಹುದು. ಇನ್ನು ಮುಂದೆ ನೀವು ರಕ್ತದಾನ ಮಾಡುವಂತಿಲ್ಲ. ಗುಣವಾದ ಮೇಲೂ ಆಂಟಿಬಾಡಿ ಪರೀಕ್ಷೆ ಪಾಸಿಟಿವ್ ಎಂದೇ ತೋರಿಸುತ್ತಿರುತ್ತದೆ.

ಉಳಿದದ್ದು ಮೂರು: ಹಲ್ಲು, ಡ್ರಿಪ್, ಶೇವಿಂಗ್.

ಶೇವಿಂಗ್ ಬಗ್ಗೆ ಬೇಗ ಹೇಳಿಬಿಡಬಹುದು. ಪ್ರತಿ ಗಿರಾಕಿಗೂ ಹೊಸ ಬ್ಲೇಡ್ ಹಾಕುವ ಸೆಲೂನಾದರೆ ಚಿಂತೆಯಿಲ್ಲ. ಒಂದೇ ಬ್ಲೇಡಿನಲ್ಲಿ ಇಬ್ಬರಿಗೆ ಮಾಡಿದರೆ, ಕೊಯ್ದ ಗಾಯಕ್ಕೆ ಉಜ್ಜಿದ ಪಟಿಕದ ಕಲ್ಲನ್ನೇ ಒರೆಸಿ ಮತ್ತೊಬ್ಬರ ಕೆನ್ನೆಗೂ ಹಚ್ಚಿದರೆ ಅಪಾಯ ಇದೆ, ಸೂಜಿಯಷ್ಟಲ್ಲ. ನಿಮ್ಮ ಕಣ್ಣೆದುರೇ ಹೊಸ ಬ್ಲೇಡ್ ಮುರಿದು ಹಾಕಲು ಹೇಳಿ. ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಜಾತ್ರೆಯಲ್ಲಿ ಸಾಲಾಗಿ ಕೂರಿಸಿ ಒಂದೇ ಸೂಜಿ, ಒಂದೇ ಬಣ್ಣದ ಬಟ್ಟಲಿನಲ್ಲಿ ಹಾಕುವ ಹಚ್ಚೆಗೆ ಮಾತ್ರ ನಾನು ಬೇಡವೇ ಬೇಡ ಎನ್ನುತ್ತೇನೆ. ಸೂಜಿ ಬದಲಾಯಿಸಿದರೂ ಆ ಬಟ್ಟಲಿನ ಬಣ್ಣದಲ್ಲಿ ಹಿಂದಿನವರ ರಕ್ತ ಉಳಿದಿರುತ್ತದೆ. ರಕ್ತ ಬರಿಸಿ ಮಾಡುವ ಕಪ್ಪಿಂಗ್, ಕಿವಿ ಮೂಗು ಚುಚ್ಚಿಸುವುದು, ಎಲ್ಲಕ್ಕೂ ಇದೇ ಮಾತು.

ಹಲ್ಲು ಕೀಳುವಾಗ ರಕ್ತ ಬಂದೇ ಬರುತ್ತದೆ. ಉಪಕರಣಗಳನ್ನು ಆಟೋಕ್ಲೇವ್ ಮಾಡದೆ, ಅಂದರೆ ಒತ್ತಡದ ಹಬೆಯಲ್ಲಿ ಶುದ್ಧ ಮಾಡದೆ, ಬರೀ ಡೆಟಾಲ್ ನೀರಿನಲ್ಲಿ ಅದ್ದಿ ಬಳಸುವ ಜಾಗವಾದರೆ ಇದು ನಿಜವಾದ ಅನುಮಾನವೇ. ಆದರೆ ಜುಲೈನಿಂದ ನವೆಂಬರ್‌ಗೆ ಲೆಕ್ಕ ಹಾಕಿ. ಹದಿಮೂರು ವಾರಕ್ಕೂ ಜಾಸ್ತಿ ಆಗುತ್ತದೆ. ಆಗದ ಮಾತಲ್ಲ, ಆದರೆ ಅಷ್ಟು ತಡವಾಗಿ ಲಕ್ಷಣ ಕಾಣುವುದು ಕಡಿಮೆ.

ಇನ್ನು ಡ್ರಿಪ್. ಆಗಸ್ಟ್ ಕೊನೆಯಿಂದ ನವೆಂಬರ್ ಮೊದಲ ವಾರಕ್ಕೆ ಸುಮಾರು ಹತ್ತು ವಾರ. ಸರಿಯಾಗಿ ಹೊಂದುತ್ತದೆ. ಇದೇ ಕಾರಣ ಎಂದು ಪ್ರಮಾಣ ಮಾಡಿ ಹೇಳಲು ಆಗುವುದಿಲ್ಲ. ಅದಕ್ಕೆ ಅಲ್ಲಿ ಚಿಕಿತ್ಸೆ ಪಡೆದ ಬೇರೆಯವರ ರಕ್ತ ಪರೀಕ್ಷಿಸಿ, ವೈರಸ್‌ಗಳ ಜೀನ್ ಹೋಲಿಸಿ ನೋಡಬೇಕಾಗುತ್ತದೆ. ಆದರೂ ನನ್ನ ಅನುಮಾನ ಮೊದಲು ಹೋಗುವುದು ಆ ಡ್ರಿಪ್ ಹಾಕಿದ ಕೋಣೆಗೇ. ಅಲ್ಲಿ ಏನು ನಡೆದಿರಬಹುದು ಎಂದು ಸ್ವಲ್ಪ ವಿವರವಾಗಿ ಹೇಳುತ್ತೇನೆ. ನೆನಪು ಮಾಡಿಕೊಳ್ಳಿ.

ಊರಿಗೆಲ್ಲ ಜ್ವರ. ಸಣ್ಣ ಕೋಣೆ, ಬೆಂಚಿನ ಮೇಲೆ ನಾಲ್ಕು ಜನ, ಮೊಳೆಗೆ ನೇತು ಹಾಕಿದ ನಾಲ್ಕು ಬಾಟ್ಲಿ. ಟೇಬಲ್ ಮೇಲೆ ಹತ್ತಾರು ಡೋಸ್ ತುಂಬಿದ ಔಷಧಿಯ ಸಣ್ಣ ಗಾಜಿನ ಬಾಟ್ಲಿ, ಅಂದರೆ ವಯಲ್. ಅದರ ರಬ್ಬರ್ ಮುಚ್ಚಳದಲ್ಲಿ ಒಂದು ಸೂಜಿ ಚುಚ್ಚಿಯೇ ಬಿಟ್ಟಿರುತ್ತಾರೆ, ಪ್ರತಿ ಸಲ ಚುಚ್ಚುವ ರಗಳೆ ಬೇಡ ಅಂತ. ಸಿರಿಂಜ್ ಅದಕ್ಕೆ ಸಿಕ್ಕಿಸಿ ಔಷಧಿ ಎಳೆಯುತ್ತಾರೆ. ನಿಮ್ಮ ಡ್ರಿಪ್ ನಳಿಕೆಗೆ ಹಾಕುತ್ತಾರೆ. ಪಕ್ಕದವರಿಗೆ ಹಾಕುವಾಗ ಹೊಸ ಸೂಜಿ ಹಾಕುತ್ತಾರೆ, ಸಿರಿಂಜ್ ಮಾತ್ರ ಅದೇ. ನೋಡುವವರಿಗೆ ಹೊಸ ಸೂಜಿ ಕಾಣುತ್ತದೆ, ಸಮಾಧಾನವಾಗುತ್ತದೆ.

ತಪ್ಪು ಅಲ್ಲೇ ಇರುವುದು. ರಕ್ತನಾಳಕ್ಕೆ ಚುಚ್ಚಿದಾಗ, ಅಥವಾ ನಳಿಕೆಗೆ ಹಾಕಿ ಸ್ವಲ್ಪ ಹಿಂದಕ್ಕೆ ಎಳೆದಾಗ, ಕಣ್ಣಿಗೆ ಕಾಣದಷ್ಟು ರಕ್ತ ಸಿರಿಂಜಿನ ಒಳಗೆ ಬರುತ್ತದೆ. ಸೂಜಿ ಬದಲಾದರೂ ಸಿರಿಂಜಿನೊಳಗಿನ ರಕ್ತ ಎಲ್ಲೂ ಹೋಗುವುದಿಲ್ಲ. ಅದೇ ಸಿರಿಂಜ್ ಮತ್ತೆ ವಯಲ್‌ಗೆ ಹೋದರೆ ಆ ರಕ್ತ ವಯಲ್ ಒಳಗಿನ ಔಷಧಿಗೆ ಸೇರುತ್ತದೆ. ಆಮೇಲೆ ಬರುವವರಿಗೆ ಹೊಸ ಸಿರಿಂಜ್, ಹೊಸ ಸೂಜಿ ಎರಡನ್ನೂ ಬಳಸಿದರೂ ಪ್ರಯೋಜನ ಇಲ್ಲ, ಔಷಧಿಯಲ್ಲೇ ವೈರಸ್ ಇದೆ. ಈ ವೈರಸ್ ಗಟ್ಟಿ ಕೂಡ. ಸಿರಿಂಜಿನೊಳಗೆ ಉಳಿದ ರಕ್ತದಲ್ಲಿ 63 ದಿನದ ತನಕ, ಒಣಗಿದ ರಕ್ತದ ಕಲೆಯಲ್ಲಿ ಆರು ವಾರದ ತನಕ ಸೋಂಕು ತಗುಲಿಸುವ ಶಕ್ತಿ ಉಳಿಯಬಲ್ಲದು ಎಂದು ಪ್ರಯೋಗಾಲಯದಲ್ಲಿ ಕಂಡುಕೊಂಡಿದ್ದಾರೆ.

ಇದು ಹಳ್ಳಿಯ ಕ್ಲಿನಿಕ್‌ಗಳ ಸಮಸ್ಯೆ ಮಾತ್ರ ಎಂದುಕೊಳ್ಳಬೇಡಿ. 2008ರಲ್ಲಿ ಅಮೆರಿಕದ ಲಾಸ್ ವೇಗಾಸ್‌ನ ಎಂಡೋಸ್ಕೋಪಿ ಕ್ಲಿನಿಕ್ ಒಂದರಲ್ಲಿ ಇದೇ ರೀತಿ, ಅರಿವಳಿಕೆ ಔಷಧಿಯ ವಯಲ್ ಮೂಲಕ ಹೆಪಟೈಟಿಸ್ ಸಿ ಹರಡಿದ್ದು ಗೊತ್ತಾಯಿತು. ಸುಮಾರು 60,000 ಜನರಿಗೆ ಪರೀಕ್ಷೆ ಮಾಡಿಸಿಕೊಳ್ಳಿ ಎಂದು ತಿಳಿಸಬೇಕಾಯಿತು. ಕಾಂಬೋಡಿಯಾದ ರೋಕಾ ಎಂಬ ಹಳ್ಳಿಯಲ್ಲಿ 2014ರ ಕೊನೆಗೆ ಇನ್ನೂರಕ್ಕೂ ಜಾಸ್ತಿ ಜನರಲ್ಲಿ ಎಚ್‌ಐವಿ ಪತ್ತೆಯಾಯಿತು. ಪರವಾನಗಿ ಇಲ್ಲದ ಒಬ್ಬ ವೈದ್ಯ ಸಿರಿಂಜ್‌ಗಳನ್ನು ಮತ್ತೆ ಮತ್ತೆ ಬಳಸಿದ್ದ. ಅವರಲ್ಲಿ ಬಹಳಷ್ಟು ಜನರಿಗೆ ಹೆಪಟೈಟಿಸ್ ಸಿ ಕೂಡ ಇತ್ತು. ಮಕ್ಕಳಿದ್ದರು, ಮುದುಕರಿದ್ದರು. ಯಾರೂ ಯಾವ ಚಟಕ್ಕೂ ಸೂಜಿ ಚುಚ್ಚಿಸಿಕೊಂಡವರಲ್ಲ.

ಎಲ್ಲಕ್ಕಿಂತ ದೊಡ್ಡ ದುರಂತ ಈಜಿಪ್ಟ್‌ನದು. ನೈಲ್ ನದಿಯ ಕಾಲುವೆಗಳಲ್ಲಿ ಇಳಿದು ಕೆಲಸ ಮಾಡುವ ರೈತರಿಗೆ ಬಸವನಹುಳುವಿನ ಮೂಲಕ ಬರುವ ಒಂದು ಪರಾವಲಂಬಿ ಹುಳುವಿನ ಕಾಯಿಲೆ ಇತ್ತು. ಅದನ್ನು ತೊಲಗಿಸಲು ಸರ್ಕಾರವೇ 1950ರ ದಶಕದಿಂದ 1980ರ ದಶಕದವರೆಗೆ ಹಳ್ಳಿ ಹಳ್ಳಿಯಲ್ಲಿ ಸಾಲು ನಿಲ್ಲಿಸಿ ಇಂಜೆಕ್ಷನ್ ಕೊಟ್ಟಿತು. ಗಾಜಿನ ಸಿರಿಂಜ್‌ಗಳನ್ನು ಸರಿಯಾಗಿ ಕುದಿಸದೆ ಬಳಸಿದರು. ಹೆಪಟೈಟಿಸ್ ಸಿ ಎಂಬ ವೈರಸ್ ಇದೆ ಎಂದು ಆಗ ಯಾರಿಗೂ ಗೊತ್ತೇ ಇರಲಿಲ್ಲ, ಅದನ್ನು ಪತ್ತೆ ಮಾಡಿದ್ದು 1989ರಲ್ಲಿ. ಅಷ್ಟರಲ್ಲಿ ಈಜಿಪ್ಟ್ ಜಗತ್ತಿನಲ್ಲೇ ಈ ರೋಗ ಅತಿ ಹೆಚ್ಚು ಇರುವ ದೇಶಗಳಲ್ಲಿ ಒಂದಾಗಿತ್ತು. ಅದೇ ದೇಶ 2018ರಿಂದ ಮನೆಮನೆಯ ಜನರನ್ನು ಕರೆದು ಪರೀಕ್ಷೆ ಮಾಡಿಸಿ, ಉಚಿತವಾಗಿ ಮಾತ್ರೆ ಕೊಟ್ಟು, 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಮೆಚ್ಚುಗೆ ಪಡೆಯಿತು. ಇಷ್ಟು ದೊಡ್ಡ ಪಾಪವನ್ನು ಇಷ್ಟು ಬೇಗ ತೊಳೆದುಕೊಂಡ ಬೇರೆ ದೇಶ ನನಗೆ ಗೊತ್ತಿಲ್ಲ.

ನಮ್ಮಲ್ಲಿ? ಈ ಶತಮಾನದ ಆರಂಭದಲ್ಲಿ ದೇಶದ ಉದ್ದಗಲಕ್ಕೆ ಒಂದು ಅಧ್ಯಯನ ಆಗಿತ್ತು. ವರ್ಷಕ್ಕೆ ಸುಮಾರು 300 ಕೋಟಿ ಇಂಜೆಕ್ಷನ್, ಅದರಲ್ಲಿ ಅರ್ಧಕ್ಕೂ ಹೆಚ್ಚು ಅಸುರಕ್ಷಿತ ಎಂದು ಕಂಡಿತು. ಈಗ ಒಮ್ಮೆ ಬಳಸಿ ಎಸೆಯುವ ಸಿರಿಂಜ್‌ಗಳು ಎಲ್ಲೆಡೆ ಇವೆ, ಪರಿಸ್ಥಿತಿ ಸುಧಾರಿಸಿದೆ. ಆದರೆ ನಮ್ಮ ಜನರ ಒಂದು ನಂಬಿಕೆ ಹಾಗೇ ಇದೆ. ಮಾತ್ರೆ ಕೊಟ್ಟರೆ ‘ಡಾಕ್ಟ್ರು ಏನೂ ಮಾಡಲಿಲ್ಲ’, ಸೂಜಿ ಹಾಕಿದರೆ ‘ಕೈಗುಣ ಚೆನ್ನಾಗಿದೆ’. ಎರಡು ಬಾಟ್ಲಿ ಏರಿಸಿದರೆ ಶಕ್ತಿ ಬರುತ್ತದೆ. ನೀರು ಕುಡಿಯಲು ಆಗುವ ಮನುಷ್ಯನಿಗೆ ವೈರಲ್ ಜ್ವರದಲ್ಲಿ ಡ್ರಿಪ್ ಬೇಕಾಗಿಲ್ಲ. ಆ ಬಾಟ್ಲಿಯಲ್ಲಿ ಇರುವುದು ಉಪ್ಪು, ಸಕ್ಕರೆಯ ನೀರು. ಓಆರ್‌ಎಸ್, ಗಂಜಿ, ಎಳನೀರಿನಿಂದ ಅದೇ ಕೆಲಸ ಆಗುತ್ತದೆ, ಅದಕ್ಕೆ ಸೂಜಿ ಬೇಡ. ಇಂಜೆಕ್ಷನ್ ಬೇಕೇ ಬೇಕು ಎಂದಾದರೆ, ಸಿರಿಂಜ್ ಪ್ಯಾಕೆಟ್ ನಿಮ್ಮ ಮುಂದೆಯೇ ಹರಿಯಬೇಕು. ವಯಲ್ ಮೇಲೆ ಸೂಜಿ ನೆಟ್ಟಿದ್ದು ಕಂಡರೆ ಎದ್ದು ಬನ್ನಿ.

ಇಷ್ಟು ಹೇಳಿದ ಮೇಲೆ ನಶೆ ಇಂಜೆಕ್ಷನ್ ಬಗ್ಗೆಯೂ ಹೇಳಬೇಕು. ನೀವು ‘ಬೀಡಿ ಕೂಡ ಸೇದಿದವನಲ್ಲ’ ಎಂದು ಬರೆದಿದ್ದೀರಿ, ನಂಬುತ್ತೇನೆ. ಆದರೆ ಇದನ್ನು ಓದುವವರಲ್ಲಿ ಸೇದಿದವರೂ, ಚುಚ್ಚಿಕೊಂಡವರೂ ಇರುತ್ತಾರೆ. ಅವರ ಕಾಯಿಲೆ ನಿಮ್ಮ ಕಾಯಿಲೆಗಿಂತ ಕೀಳಲ್ಲ. ಜಗತ್ತಿನ ಹಲವು ಕಡೆ ಹೊಸ ಹೆಪಟೈಟಿಸ್ ಸಿ ಸೋಂಕಿಗೆ ಹಂಚಿಕೊಂಡ ನಶೆಯ ಸೂಜಿಯೇ ಮೊದಲ ಕಾರಣ. ನಮ್ಮ ದೇಶದಲ್ಲಿ ಮಣಿಪುರ, ಮಿಜೋರಾಂ, ನಾಗಾಲ್ಯಾಂಡ್, ಪಂಜಾಬ್‌ಗಳಲ್ಲಿ ಇದು ದೊಡ್ಡ ಸಮಸ್ಯೆ. ಪಂಜಾಬ್‌ನಲ್ಲಿ ಅಸುರಕ್ಷಿತ ಚಿಕಿತ್ಸೆಯ ಸೂಜಿಯೂ ಸೇರಿಕೊಂಡಿದೆ. ಅಲ್ಲಿಯ ಸರ್ಕಾರ 2016ರಲ್ಲೇ ಉಚಿತ ಚಿಕಿತ್ಸೆ ಶುರು ಮಾಡಿತು. ಅಮೆರಿಕದ ಇಂಡಿಯಾನಾ ರಾಜ್ಯದ ಸ್ಕಾಟ್ ಕೌಂಟಿ ಎಂಬ ಸಣ್ಣ ಜಾಗದಲ್ಲಿ 2015ರಲ್ಲಿ ಎಚ್‌ಐವಿ ಹರಡಿದಾಗ, ಸೋಂಕಿತರಲ್ಲಿ ಹತ್ತಕ್ಕೆ ಒಂಬತ್ತು ಜನರಿಗೆ ಹೆಪಟೈಟಿಸ್ ಸಿ ಕೂಡ ಇತ್ತು. ಅವರು ಚುಚ್ಚಿಕೊಳ್ಳುತ್ತಿದ್ದದ್ದು ಡಾಕ್ಟರ ಚೀಟಿಯ ನೋವಿನ ಮಾತ್ರೆಯನ್ನು ಕರಗಿಸಿ. ನಮ್ಮಲ್ಲೂ ಹುಡುಗರು ಮೆಡಿಕಲ್ ಶಾಪಿನ ನೋವಿನ ಮಾತ್ರೆ ಪುಡಿ ಮಾಡಿ, ನೀರಿನಲ್ಲಿ ಕಲಸಿ ಚುಚ್ಚಿಕೊಳ್ಳುತ್ತಾರೆ.

ಅವರಿಗೆ ಗೊತ್ತಿರಬೇಕಾದ ಮಾತು ಇದು. ‘ನನ್ನ ಸೂಜಿ ನಾನೇ ಬಳಸುತ್ತೇನೆ’ ಎಂದರೆ ಸಾಲದು. ಪುಡಿ ಕಲಸಿದ ಚಮಚ ಅಥವಾ ಬಾಟ್ಲಿಯ ಮುಚ್ಚಳ, ಸೋಸಲು ಬಳಸಿದ ಹತ್ತಿ, ಸಿರಿಂಜ್ ತೊಳೆದ ನೀರಿನ ಲೋಟ, ತೋಳಿಗೆ ಕಟ್ಟಿದ ಬಟ್ಟೆ, ಎಲ್ಲದರಲ್ಲೂ ರಕ್ತ ಇರುತ್ತದೆ. ಎಚ್‌ಐವಿಗಿಂತ ಹೆಪಟೈಟಿಸ್ ಸಿ ಈ ದಾರಿಯಲ್ಲಿ ತುಂಬಾ ಸುಲಭವಾಗಿ ದಾಟುತ್ತದೆ. ಒಂದೇ ಸಲ ಮಾಡಿದ್ದೆ, ಕಾಲೇಜಿನಲ್ಲಿದ್ದಾಗ, ಅಂದರೂ ಪರೀಕ್ಷೆ ಮಾಡಿಸಿಕೊಳ್ಳಬೇಕು. ಬಿಡಲು ಸಹಾಯ ಬೇಕಾದರೆ 14446ಕ್ಕೆ ಕರೆ ಮಾಡಬಹುದು, ಅದು ಸರ್ಕಾರದ ವ್ಯಸನಮುಕ್ತಿ ಸಹಾಯವಾಣಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೇ ಪ್ರತ್ಯೇಕ ವಿಭಾಗ ಇದೆ. ಜಿಮ್‌ನಲ್ಲಿ ಮೈ ಕಟ್ಟಲು ಒಂದೇ ಬಾಟ್ಲಿಯಿಂದ ಸ್ಟೆರಾಯ್ಡ್ ಚುಚ್ಚಿಕೊಳ್ಳುವ ಹುಡುಗರೂ ಇದನ್ನು ತಮಗೆ ಹೇಳಿದ್ದು ಎಂದೇ ತಿಳಿದುಕೊಳ್ಳಲಿ.

ಈಗ ನಿಮ್ಮ ಹೆಂಡತಿಯ ಮನಸ್ಸಿನಲ್ಲಿರುವ ಪ್ರಶ್ನೆ. ಅಮ್ಮಾ, ಇದನ್ನು ನಿಮಗೇ ಹೇಳುತ್ತೇನೆ. ಹೆಪಟೈಟಿಸ್ ಸಿ ಬಂದಿದೆ ಎಂದ ಮಾತ್ರಕ್ಕೆ ಗಂಡನಿಗೆ ಹೊರಗೆ ಸಂಬಂಧ ಇದೆ ಎಂದು ಅರ್ಥವಲ್ಲ. ಗಂಡು ಹೆಣ್ಣಿನ ನಡುವೆ ಲೈಂಗಿಕ ಸಂಪರ್ಕದಿಂದ ಈ ವೈರಸ್ ಹರಡುವುದು ಬಹಳ ಅಪರೂಪ. ಅಮೆರಿಕದಲ್ಲಿ ಒಬ್ಬರಿಗೆ ಮಾತ್ರ ಸೋಂಕು ಇದ್ದ 500 ದಂಪತಿಗಳನ್ನು ಪರೀಕ್ಷಿಸಿ ನೋಡಿದರು. ಸಂಪರ್ಕದಿಂದ ಹರಡಿದೆ ಎನ್ನಬಹುದಾದದ್ದು ಹೆಚ್ಚೆಂದರೆ 1,90,000 ಸಂಪರ್ಕಗಳಿಗೆ ಒಂದು ಎಂದು ಲೆಕ್ಕ ಸಿಕ್ಕಿತು. ರಕ್ತ ಬರುವಂಥ ಸಂಪರ್ಕ, ಎಚ್‌ಐವಿ ಅಥವಾ ಬೇರೆ ಲೈಂಗಿಕ ರೋಗ ಇರುವವರು, ಪುರುಷರೊಂದಿಗೆ ಸಂಪರ್ಕ ಇರುವ ಪುರುಷರು, ಇವರಲ್ಲಿ ಅಪಾಯ ಜಾಸ್ತಿ. ಡಾಕ್ಟರು ಅದಕ್ಕಾಗಿಯೇ ಕೇಳುತ್ತಾರೆ. ನಿಮ್ಮ ಮನೆಯವರ ವಿಷಯದಲ್ಲಿ ಆಗಸ್ಟ್‌ನ ಆ ಮೂರು ದಿನವೇ ಸಾಕಷ್ಟು ಹೇಳುತ್ತದೆ. ಆ ಜ್ವರದಲ್ಲಿ ನೀವೂ ಅಲ್ಲಿಗೇ ಹೋಗಿದ್ದಿರಾ? ಹೋಗಿದ್ದರೆ, ಮಗಳನ್ನೂ ಕರೆದೊಯ್ದು ಇಂಜೆಕ್ಷನ್ ಹಾಕಿಸಿದ್ದರೆ, ನೀವಿಬ್ಬರೂ ಪರೀಕ್ಷೆ ಮಾಡಿಸಿಕೊಳ್ಳಬೇಕಾದ್ದು ಗಂಡನ ಕಾರಣಕ್ಕಲ್ಲ, ಆ ಇಂಜೆಕ್ಷನ್ ಕಾರಣಕ್ಕೆ.

ಹೋಗಿರದಿದ್ದರೂ ನೀವು ಒಮ್ಮೆ ಪರೀಕ್ಷೆ ಮಾಡಿಸಿ. ಈಗ ಗರ್ಭಿಣಿಯಾಗಿದ್ದರೆ ತಪ್ಪದೆ ಮಾಡಿಸಿ. ತಾಯಿಗೆ ವೈರಸ್ ಇದ್ದರೆ ಹುಟ್ಟುವ ಮಗುವಿಗೆ ಬರುವ ಸಾಧ್ಯತೆ ನೂರಕ್ಕೆ ಐದಾರು. ಎದೆಹಾಲಿನಿಂದ ಹರಡುವುದಿಲ್ಲ, ಮೊಲೆತೊಟ್ಟು ಒಡೆದು ರಕ್ತ ಬರುತ್ತಿದ್ದರೆ ಮಾತ್ರ ವಾಸಿಯಾಗುವ ತನಕ ನಿಲ್ಲಿಸಬೇಕು.

ಪಟ್ಟಿಯಲ್ಲಿ ಇನ್ನೂ ಕೆಲವು ಇವೆ, ಬೇರೆ ಓದುಗರಿಗಾಗಿ ಹೇಳುತ್ತೇನೆ. ಡಯಾಲಿಸಿಸ್ ಮಾಡಿಸಿಕೊಳ್ಳುವವರಿಗೆ ವಾರಕ್ಕೆ ಎರಡು ಮೂರು ಸಲ ರಕ್ತ ಹೊರಗೆ ಬಂದು ಒಳಗೆ ಹೋಗುತ್ತದೆ. ಕೈಗವಸು ಬದಲಾಯಿಸದ ಸಿಬ್ಬಂದಿ, ರಕ್ತ ಹೆಪ್ಪುಗಟ್ಟದಂತೆ ಎಲ್ಲರಿಗೂ ಬಳಸುವ ಒಂದೇ ಹೆಪಾರಿನ್ ವಯಲ್, ಒರೆಸದ ಯಂತ್ರ, ಯಾವುದರಿಂದಲೂ ಬರಬಹುದು. ಅವರಿಗೆ ಆರು ತಿಂಗಳಿಗೊಮ್ಮೆ ಪರೀಕ್ಷೆ ಆಗಬೇಕು. ನರ್ಸ್‌ಗಳು, ಲ್ಯಾಬ್‌ನವರು, ಆಸ್ಪತ್ರೆಯ ಕಸ ಬೇರ್ಪಡಿಸುವವರು, ಪೌರಕಾರ್ಮಿಕರು ಬಳಸಿದ ಸೂಜಿ ಚುಚ್ಚಿಸಿಕೊಳ್ಳುತ್ತಾರೆ. ಸೋಂಕಿತರ ಸೂಜಿ ಒಮ್ಮೆ ಚುಚ್ಚಿದರೆ ಹೆಪಟೈಟಿಸ್ ಸಿ ತಗುಲುವ ಸಾಧ್ಯತೆ ಈಚಿನ ಲೆಕ್ಕದಲ್ಲಿ ಸುಮಾರು 0.2 ಶೇಕಡಾ, ಅಂದರೆ ಐನೂರಕ್ಕೆ ಒಂದು. ಕಡಿಮೆಯೇ. ಆದರೆ ಎಚ್‌ಐವಿಗೆ ಇರುವಂತೆ ಚುಚ್ಚಿದ ಕೂಡಲೇ ನುಂಗುವ ಮಾತ್ರೆ ಇದಕ್ಕಿಲ್ಲ, ಲಸಿಕೆಯೂ ಇಲ್ಲ. ಅಂದೇ ಒಂದು ಪರೀಕ್ಷೆ, ಮೂರರಿಂದ ಆರು ವಾರದೊಳಗೆ ಆರ್‌ಎನ್‌ಎ, ಆಮೇಲೆ ನಾಲ್ಕರಿಂದ ಆರು ತಿಂಗಳಿಗೆ ಆಂಟಿಬಾಡಿ ಮಾಡಿಸಬೇಕು.

ನಿಮ್ಮ ನಾಟಿ ಔಷಧಿಗೆ ಬರುತ್ತೇನೆ. ಅದರಿಂದ ಕಣ್ಣು ತಿಳಿಯಾಯಿತು ಎಂದು ನೀವು ಅಂದುಕೊಂಡಿದ್ದೀರಿ, ಅಲ್ವಾ? ಹೆಪಟೈಟಿಸ್ ಸಿಯ ಕಾಮಾಲೆ ಔಷಧಿ ತಗೊಂಡರೂ ಬಿಟ್ಟರೂ ಕೆಲವು ವಾರದಲ್ಲಿ ತಾನಾಗಿ ಇಳಿಯುತ್ತದೆ. ಕಾಮಾಲೆ ಇಳಿಯುವುದು ಬೇರೆ, ವೈರಸ್ ಹೋಗುವುದು ಬೇರೆ. ನಮ್ಮ ಕಡೆ ಕಾಮಾಲೆಗೆ ಸೊಪ್ಪಿನ ರಸ ಕುಡಿಸುತ್ತಾರೆ, ಪಥ್ಯ ಹೇಳುತ್ತಾರೆ, ಕೆಲವೆಡೆ ಕೈಗೆ ಬರೆ ಹಾಕುತ್ತಾರೆ. ಕಣ್ಣು ತಿಳಿಯಾದ ಕೂಡಲೇ ಎಲ್ಲರೂ ಮರೆತುಬಿಡುತ್ತಾರೆ. ವೈರಸ್ ಮಾತ್ರ ಇಪ್ಪತ್ತು ವರ್ಷ ಸದ್ದಿಲ್ಲದೆ ಲಿವರ್ ತಿನ್ನುತ್ತದೆ. ಹೊಸದಾಗಿ ಸೋಂಕು ತಗುಲಿದವರಲ್ಲಿ ನೂರಕ್ಕೆ 15ರಿಂದ 45 ಜನರ ದೇಹ ಆರು ತಿಂಗಳೊಳಗೆ ವೈರಸ್ಸನ್ನು ತಾನೇ ಓಡಿಸುತ್ತದೆ. ಉಳಿದವರಲ್ಲಿ ಅದು ನೆಲೆಯೂರುತ್ತದೆ. ಹಾಗೆ ನೆಲೆಯೂರಿದವರಲ್ಲಿ 15ರಿಂದ 30 ಶೇಕಡಾ ಜನರಿಗೆ ಇಪ್ಪತ್ತು ವರ್ಷದಲ್ಲಿ ಲಿವರ್ ಸಿರೋಸಿಸ್, ಅಂದರೆ ಲಿವರ್ ಗಟ್ಟಿಯಾಗಿ ಹಾಳಾಗುವ ಸ್ಥಿತಿ, ಬರುತ್ತದೆ. ಹೊಸ ಸೋಂಕಿನಲ್ಲಿ ಬಹುಪಾಲು ಜನರಿಗೆ ಕಾಮಾಲೆಯೇ ಬರುವುದಿಲ್ಲ, ಏನೂ ಗೊತ್ತಾಗುವುದಿಲ್ಲ. ಒಂದು ಲೆಕ್ಕದಲ್ಲಿ ನಿಮ್ಮ ಕಣ್ಣು ಹಳದಿಯಾದದ್ದೇ ಒಳ್ಳೆಯದಾಯಿತು.

ಮೊದಲೆಲ್ಲ ತಾನಾಗಿ ಹೋಗುತ್ತದೋ ನೋಡೋಣ ಎಂದು ಆರು ತಿಂಗಳು ಕಾಯುತ್ತಿದ್ದರು. ಆಗಿನ ಇಂಟರ್‌ಫೆರಾನ್ ಇಂಜೆಕ್ಷನ್ ಅಷ್ಟು ಹಿಂಸೆಯದು. ಈಗಿನ ಮಾತ್ರೆಗಳು ಹಾಗಲ್ಲ, ಆದ್ದರಿಂದ ಅಮೆರಿಕದ ಲಿವರ್ ತಜ್ಞರ ಮಾರ್ಗಸೂಚಿ ಕಾಯದೆ ಚಿಕಿತ್ಸೆ ಶುರು ಮಾಡಿ ಎನ್ನುತ್ತದೆ. ನನ್ನ ಸಲಹೆಯೂ ಅದೇ. 2018ರ ಜುಲೈ 28ರಿಂದ ನಮ್ಮಲ್ಲಿ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮ ಇದೆ. ಪರೀಕ್ಷೆ, ಮಾತ್ರೆ ಎರಡೂ ಉಚಿತ. ನಿಮ್ಮ ಜಿಲ್ಲಾಸ್ಪತ್ರೆ ಅಥವಾ ಸರ್ಕಾರಿ ಮೆಡಿಕಲ್ ಕಾಲೇಜಿನಲ್ಲಿ ವಿಚಾರಿಸಿ. ಸಾಮಾನ್ಯವಾಗಿ ಸೊಫೊಸ್‌ಬುವಿರ್, ಡಕ್ಲಾಟಸ್ವಿರ್ ಎಂಬ ಎರಡು ಮಾತ್ರೆ, ದಿನಕ್ಕೊಮ್ಮೆ. ಶುರು ಮಾಡುವ ಮೊದಲು ಹೆಪಟೈಟಿಸ್ ಬಿ ಮತ್ತೊಮ್ಮೆ ನೋಡಬೇಕು. ಬಿ ಅಡಗಿದ್ದರೆ ಈ ಚಿಕಿತ್ಸೆಯಲ್ಲಿ ಕೆರಳಬಹುದು. ಬಿ ಇಲ್ಲದಿದ್ದರೆ ಅದರ ಲಸಿಕೆ ಹಾಕಿಸಿಕೊಳ್ಳಿ. ಮಾತ್ರೆ ಮುಗಿದು 12 ವಾರದ ಮೇಲೆ ಆರ್‌ಎನ್‌ಎ ಪರೀಕ್ಷೆಯಲ್ಲಿ ವೈರಸ್ ಸಿಗದಿದ್ದರೆ ಗುಣವಾಯಿತು ಎಂದು ಲೆಕ್ಕ. ಅಲ್ಲಿಯ ತನಕ ಮದ್ಯ ಬೇಡ, ನಾಟಿ ಔಷಧಿಯೂ ಬೇಡ. ಬೇರೆ ಯಾವ ಮಾತ್ರೆ ನುಂಗುತ್ತಿದ್ದರೂ, ಗ್ಯಾಸಿನದ್ದಾದರೂ ಸರಿ, ಡಾಕ್ಟರಿಗೆ ಹೇಳಿ. ಗುಣವಾದವರಿಗೆ ಮತ್ತೆ ಬರುವುದಿಲ್ಲ ಎಂದೇನೂ ಇಲ್ಲ. ಇನ್ನೊಮ್ಮೆ ಸೋಂಕಿತ ರಕ್ತ ಸೇರಿದರೆ ಇನ್ನೊಮ್ಮೆ ಬರುತ್ತದೆ.

ನಿಮ್ಮ ಪತ್ರದಲ್ಲಿ ಬರೆಯದೆ ಬಿಟ್ಟದ್ದು ಏನಾದರೂ ಇದ್ದರೆ, ಅದು ಏನೇ ಆಗಿರಲಿ, ಚಿಕಿತ್ಸೆ ಕೊಡುವ ಡಾಕ್ಟರಿಗೆ ಒಬ್ಬರೇ ಇರುವಾಗ ಹೇಳಿ. ಅದರಿಂದ ಮಾತ್ರೆ ಬದಲಾಗುವುದಿಲ್ಲ, ಜೊತೆಗೆ ಎಚ್‌ಐವಿಯಂಥ ಬೇರೆ ಪರೀಕ್ಷೆ ಬೇಕೋ ಎಂದು ಅವರಿಗೆ ತಿಳಿಯುತ್ತದೆ. ನಿಜ ಹೇಳಬೇಕೆಂದರೆ ಡ್ರಿಪ್ ಅನುಮಾನ ಒಂದೇ ಸಾಕು, ಎಚ್‌ಐವಿ ಪರೀಕ್ಷೆಯನ್ನೂ ಮಾಡಿಸಿಬಿಡಿ.

ಇನ್ನು ಆ ಕೋಣೆಯಲ್ಲಿ ನಿಮ್ಮ ಜೊತೆ ಬೆಂಚಿನ ಮೇಲೆ ಕೂತಿದ್ದವರು. ಅವರಲ್ಲಿ ಕೆಲವರ ರಕ್ತದಲ್ಲೂ ಈ ವೈರಸ್ ಇರಬಹುದು, ಕಣ್ಣು ಹಳದಿಯಾಗದ ಕಾರಣ ಗೊತ್ತೇ ಆಗಿರುವುದಿಲ್ಲ. ಆ ಮೂರು ದಿನ ಯಾರ್‍ಯಾರು ಇದ್ದರು ಎಂದು ಗಂಡ ಹೆಂಡತಿ ಇಬ್ಬರೂ ಕೂತು ನೆನಪು ಮಾಡಿಕೊಳ್ಳಿ. ಪರಿಚಯದವರಿಗೆ ನೀವೇ ಹೇಳಿ. ಜಿಲ್ಲಾ ಆರೋಗ್ಯಾಧಿಕಾರಿಗೆ ಒಂದು ಅರ್ಜಿ ಬರೆಯಿರಿ. ದಿನಾಂಕ, ಜಾಗ, ಕೊಟ್ಟ ಚೀಟಿ ಇದ್ದರೆ ಅದರ ಪ್ರತಿ, ನಿಮ್ಮ ಎರಡೂ ರಿಪೋರ್ಟ್ ಲಗತ್ತಿಸಿ. ಕರ್ನಾಟಕದಲ್ಲಿ ಖಾಸಗಿ ಕ್ಲಿನಿಕ್‌ಗಳೆಲ್ಲ ಕೆಪಿಎಂಇ, ಅಂದರೆ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ನೋಂದಣಿ ಆಗಿರಬೇಕು. ಜಿಲ್ಲಾಧಿಕಾರಿಗಳೇ ಜಿಲ್ಲೆಯ ನೋಂದಣಿ ಪ್ರಾಧಿಕಾರದ ಮುಖ್ಯಸ್ಥರು, ಅರ್ಜಿಯ ಒಂದು ಪ್ರತಿ ಅವರ ಕಚೇರಿಗೂ ಕೊಡಿ. ಡಾಕ್ಟರ ಮೇಲೆ ಆರೋಪ ಬರೆಯಬೇಕಾಗಿಲ್ಲ. ‘ಆಗಸ್ಟ್ ಕೊನೆಯ ವಾರ ಇಲ್ಲಿ ಡ್ರಿಪ್ ಹಾಕಿಸಿಕೊಂಡವರಿಗೆಲ್ಲ ಹೆಪಟೈಟಿಸ್ ಬಿ, ಸಿ ಮತ್ತು ಎಚ್‌ಐವಿ ಪರೀಕ್ಷೆ ಮಾಡಿಸಿ’ ಎಂದು ಕೇಳಿದರೆ ಸಾಕು.